ನಿಮ್ಮಲ್ಲಿರುವ ನಮ್ಮ ಸೊತ್ತು

ಒರೊಸ್ತ್
ಮೆಹ್ರ್ ತಿಂಗಳು, ೯

ನನ್ನ ಕಣ್ಣಬೆಳಕು ಕೋಕಬ್‌ಗೆ,

ಅಪ್ಪನ ಸಲಾಮು. ನಾನು, ನಿನ್ನ ಅಮ್ಮ, ಹೇಸರಗತ್ತೆ ಜರೀನ್, ಮೂವರೂ ಬದುಕಿದ್ದೇವೆ. ನೀನೂ ಬದುಕಿದ್ದೀ ಎಂದುಕೊಂಡೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ತಕ್ಷಣ ತಿಳಿಸು.

ಸಾರಿ ಪಟ್ಟಣದಲ್ಲಿ ಬಸ್ಸುಗಳು ಹಿಂದಕ್ಕೂ ಓಡುತ್ತವೆ ಎಂದು ಕೇಳಿದ್ದೇನೆ. ರಸ್ತೆ ದಾಟುವಾಗ ಮುಂದೆ ಮಾತ್ರ ನೋಡಬೇಡ. ಕಲಿಕೆಯ ಕೊನೆಯ ವರ್ಷ ಇದು, ಈಗ ಏನಾದರೂ ಆದರೆ ಮೊದಲ ವರ್ಷವೂ ದಂಡ.

ನೀನು ಹೋದ ಮೇಲೆ, ಉಪ್ಪುನೀರು ಸಾವಿರಾರು ವರ್ಷ ಹರಿದು ಕಲ್ಲಾಗಿ ಕಟ್ಟಿದ ಬುಗ್ಗೆಯ ಮೆಟ್ಟಿಲುಗಳಲ್ಲಿ ಎರಡು ಅಂಚು ಮುರಿದವು. ಒಂದು ರೊಟ್ಟಿಯಷ್ಟು, ಇನ್ನೊಂದು ಹಲ್ಲಿನಷ್ಟು. ಗೊರ್ಗಾನಿನ ಒಂದು ಮದುವೆ ದಿಬ್ಬಣದವರು ಬೂಟು ಹಾಕಿಕೊಂಡೇ ಕಿತ್ತಳೆ ಬಣ್ಣದ ಕೊಳಕ್ಕೆ ಇಳಿದರು. ನಾನು ಹೇಳಿದೆ, “ನಿಮ್ಮ ಹೆಜ್ಜೆ ನನ್ನ ಕಣ್ಣಿನ ಮೇಲಿರಲಿ ಸ್ವಾಮಿ, ಆ ಅಂಚಿನ ಮೇಲೆ ಮಾತ್ರ ಬೇಡ.” ಅವರು “ನಿಮ್ಮ ಕಣ್ಣು ತಣ್ಣಗಿರಲಿ” ಅಂದು ಅಂಚಿನ ಮೇಲೇ ನಿಂತು ಫೋಟೊ ತೆಗೆಸಿಕೊಂಡರು. ನೀನಿದ್ದಿದ್ದರೆ “ಇಳೀರಿ ಕೆಳಗೆ” ಅನ್ನುತ್ತಿದ್ದೆ. ಅವರು ಇಳಿಯುತ್ತಿದ್ದರು. ನನ್ನ ನಾಲಿಗೆ ಹಾಗೆ ತಿರುಗುವುದಿಲ್ಲ. ಊರಿನವರು ನನ್ನನ್ನು ಕಾವಲಿಗೆ ಹಾಕಿದ್ದು ಹೆಸರು ನೋಡಿ. ಹೈಬತ್ ಎಂದರೆ ಕಂಡವರಿಗೆ ಭಯ ಹುಟ್ಟಿಸುವವನು. ಹೆಸರಿಡುವ ದಿನ ನನ್ನ ಅಪ್ಪ ನನ್ನನ್ನು ಸರಿಯಾಗಿ ನೋಡಿರಲಿಲ್ಲ ಎಂದು ಕಾಣುತ್ತದೆ.

ಮೇಲಿನ ಮೂರು ಮೆಟ್ಟಿಲು ನೀನು ಹೋದ ದಿನ ಇಟ್ಟಿಗೆ ಬಣ್ಣದಲ್ಲಿದ್ದವು, ಈಗ ಹಳದಿಗೆ ತಿರುಗಿವೆ. ಇದು ಯಾವುದರ ಲಕ್ಷಣವೋ ತಿಳಿಯದು. ಏನೂ ಆಗಿಲ್ಲ ಎಂದೇ ಇಟ್ಟುಕೊಳ್ಳೋಣ.

ಮಿನಿಬಸ್ಸಿನ ಕಿಟಕಿಯಿಂದ ನೀನು ಕೇಳಿದ್ದು, ನಾನು ಹೇಳಿದ್ದು ಎರಡೂ ನೆನಪಿದೆ. ನಿನ್ನನ್ನು ಕೇಳದೆ ನಿನ್ನ ವಿಷಯದಲ್ಲಿ ಯಾರಿಗೂ ಮಾತು ಕೊಡುವುದಿಲ್ಲ, ನಿನ್ನ ದೊಡ್ಡಪ್ಪ ತನ್ನ ಮಗಳಿಗೆ ಮಾಡಿದ ಹಾಗೆ ಮಾಡುವುದಿಲ್ಲ. ಅದು ಹಾಗೆಯೇ ಇದೆ. ಏನೂ ಆಗಿಲ್ಲ. ಏನೋ ಆಗಿದೆ ಎಂದು ಯಾರಾದರೂ ಹೇಳಿದರೆ, ಏನೂ ಆಗಿಲ್ಲ ಎಂದು ಅವರಿಗೆ ಹೇಳು.

ಬರಹದ ತಪ್ಪು ಮನ್ನಿಸು. ಮೂರನೇ ತರಗತಿಯಲ್ಲಿ ಗುಣಾಕಾರ ಮುಗಿಯಿತು, ಹಿಮ ಬಿತ್ತು, ಮೇಷ್ಟ್ರು ಊರಿಗೆ ಹೋದರು, ಭಾಗಾಕಾರ ಕಲಿಸಲು ವಾಪಸು ಬರಲೇ ಇಲ್ಲ. ಹಾಗಾಗಿ ನನಗೆ ಯಾವುದನ್ನೂ ಹೆಚ್ಚಿಸಲು ಬರುತ್ತದೆ, ಹಂಚಲು ಬರುವುದಿಲ್ಲ.

ಅಮ್ಮ ಬರಿ ಅನ್ನುತ್ತಾಳೆ: “ನೀನು ಹೋದಾಗಿಂದ ಈ ಮನುಷ್ಯ ದಿನಕ್ಕೆ ಮೂರು ಸಲ ಬುಗ್ಗೆಗೆ ಓಡ್ತಾನೆ. ಅಲ್ಲೇನು ಮೊಟ್ಟೆಗೆ ಕಾವು ಕೊಡ್ತಿದಾನೋ ದೇವರಿಗೇ ಗೊತ್ತು.” ಅವಳು ಹೇಳಿದಂತೆ ಬರೆದಿದ್ದೇನೆ. ಅದಕ್ಕೆ ಏನೂ ಅರ್ಥವಿಲ್ಲ.

ಬೆನ್ನು ನೋವಿದೆ, ನೀನು ಚಿಂತೆ ಮಾಡಬೇಡ,
ಅಪ್ಪ ಹೈಬತ್


ಸಾರಿ
ಮೆಹ್ರ್ ತಿಂಗಳು, ೨೧

ಅಪ್ಪ,

ಬದುಕಿದ್ದೇನೆ. ಬಸ್ಸುಗಳೂ ಮುಂದಕ್ಕೇ ಓಡುತ್ತಿವೆ.

ಈ ವಾರ ಕಿತ್ತಳೆ ಹಣ್ಣಿಗೆ ಚುಚ್ಚುಮದ್ದು ಕೊಡಲು ಕಲಿತೆವು. ನನ್ನ ಹಣ್ಣು ಅಳಲಿಲ್ಲ. ಪಕ್ಕದ ಹುಡುಗಿಯ ಹಣ್ಣಿನ ರಸ ಮೇಡಂ ಕನ್ನಡಕಕ್ಕೆ ಹಾರಿತು. ಕಲಿಕೆ ಮುಗಿಯುವಾಗ ಯಾವ ಊರಿನ ಆರೋಗ್ಯ ಕೇಂದ್ರ ಬೇಕೆಂದು ಫಾರಂ ಕೊಡುತ್ತಾರಂತೆ. ಮೂರು ಊರು ಬರೆಯಬಹುದು. ನಾನು ನಮ್ಮೂರೊಂದನ್ನೇ ಬರೆಯುತ್ತೇನೆ ಎಂದು ಈಗಲೇ ಎಲ್ಲರಿಗೂ ಹೇಳಿ ನಗೆಪಾಟಲಾಗಿದ್ದೇನೆ.

ನಿನ್ನ ಕಾಗದದಲ್ಲಿ “ಏನೂ ಆಗಿಲ್ಲ” ಮೂರು ಕಡೆ ಇದೆ. ಏನಾಗಿದೆ?

ಕೋಕಬ್


ಸೆಮ್ನಾನ್
ಆಬಾನ್ ತಿಂಗಳು, ೧೪

ಘನತೆವೆತ್ತ ಹೈಬತುಲ್ಲಾ ಅವರ ಪಾದದ ಧೂಳಿಗೆ,

ಸೆಮ್ನಾನಿನಲ್ಲಿ ಉಣ್ಣೆ ತುಳಿದು ಹಾಸು ಮಾಡುವ ಹಾಜಿ ಯದುಲ್ಲಾ ಮಾಡುವ ಸಾವಿರ ಸಲಾಮುಗಳು. ನಲವತ್ತು ವರ್ಷ ಉಣ್ಣೆ ತುಳಿದು ಸವೆದ ನನ್ನ ಮೊಣಕಾಲುಗಳು ನಿಮ್ಮ ಉಪ್ಪುಬುಗ್ಗೆಯಲ್ಲಿ ಒಂದು ಗಳಿಗೆ ಮುಳುಗಿದ್ದಕ್ಕೆ ಇವತ್ತಿಗೂ ನಿಮ್ಮನ್ನು ಹರಸುತ್ತಿವೆ. ಮಂಜು ಇಳಿದು, ಡ್ರೈವರು ಹಾರ್ನು ಬಾರಿಸಿ, ಸರಿಯಾಗಿ ವಿದಾಯವನ್ನೂ ಹೇಳದೆ ಒದ್ದೆ ಕಾಲಿನಲ್ಲೇ ಹೊರಟುಬಂದ ನನ್ನ ಅವಿವೇಕಕ್ಕೆ ನಾಚಿದ್ದೇನೆ.

ನಿಮ್ಮಲ್ಲಿರುವ ನಮ್ಮ ಸೊತ್ತು ಕ್ಷೇಮವೆಂದು ನಂಬಿದ್ದೇನೆ. ನಿಮ್ಮಂಥವರ ಆಶ್ರಯದಲ್ಲಿರುವುದಕ್ಕೆ ಕ್ಷೇಮ ಕೇಳುವುದೇ ಅಪಚಾರ, ಆದರೂ ಮನೆಯವಳ ಒತ್ತಾಯ. ಅದಿಲ್ಲದೆ ನನಗೆ ಬಲಗೈಯೇ ಇಲ್ಲದಂತೆ ಕಾಣುತ್ತದೆ ಎನ್ನುತ್ತಾಳೆ. ಅವಸರ ಖಂಡಿತ ಇಲ್ಲ. ಹಿಮ ಕರಗಿ ದಾರಿ ತೆರೆದ ಮೇಲೆ ಇಬ್ಬರೂ ಬಂದು ಕರಗಳಿಗೆ ಮುತ್ತಿಟ್ಟು ಕೊಂಡೊಯ್ಯುತ್ತೇವೆ.

ನಿಮ್ಮ ನೆರಳು ಎಂದೂ ಕಿರಿದಾಗದಿರಲಿ,
ಯದುಲ್ಲಾ


ಒರೊಸ್ತ್
ಆಜರ್ ತಿಂಗಳು, ೬

ಕಣ್ಣಬೆಳಕು ಕೋಕಬ್‌ಗೆ,

ಸಲಾಮು. ಬಿದ್ದ ಮೊದಲ ಹಿಮ ನೆಲದಲ್ಲಿ ನಿಲ್ಲದೆ ಕರಗಿತು. ಎರಡನೆಯದು ನಿಲ್ಲುತ್ತದೆ ಎಂದು ನನ್ನ ಬೆನ್ನು ಹೇಳುತ್ತಿದೆ.

ಕೆಲವು ವಿಷಯ ಕೇಳಬೇಕು. ಇವುಗಳಿಗೂ ಯಾವುದಕ್ಕೂ ಸಂಬಂಧವಿಲ್ಲ. ಉಣ್ಣೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದೇ? ಆ ಧೂಳಿರುವ ಮನೆಗೆ ಹೊಸದಾಗಿ ಹೋಗುವವರಿಗೆ ಅಭ್ಯಾಸವಾಗಲು ಎಷ್ಟು ವರ್ಷ ಬೇಕು? ಸೆಮ್ನಾನಿನವರ ಮಾತು ಪಕ್ಕದ ಊರಿಗೂ ತಿಳಿಯುವುದಿಲ್ಲವಂತೆ, ಅದನ್ನು ಕಲಿಸುವ ಪುಸ್ತಕ ಸಾರಿಯಲ್ಲಿ ಸಿಗುತ್ತದೆಯೇ? ಬೆಳ್ಳಿಯನ್ನು ಉಪ್ಪುನೀರಿನಲ್ಲಿ ಬಹಳ ದಿನ ಇಟ್ಟರೆ ಏನಾಗುತ್ತದೆ? ನಿನ್ನ ಮೇಡಂ ಅವರನ್ನು ಕೇಳು. ಯಾರಿಗಾಗಿ ಎಂದು ಹೇಳಬೇಡ.

ಅಮ್ಮ ನಿನಗೆ ಅಕ್ರೋಟು, ಒಣಗಿಸಿದ ಮಜ್ಜಿಗೆ ಉಂಡೆ ಕಳಿಸಿದ್ದಾಳೆ. ಅಕ್ರೋಟನ್ನು ಹಲ್ಲಿನಿಂದ ಒಡೆಯಬೇಡ. ಬಾಗಿಲ ಸಂದಿಯಲ್ಲಿಟ್ಟೂ ಒಡೆಯಬೇಡ, ಬೆರಳು ಹೋದರೆ ಚುಚ್ಚುಮದ್ದು ಹೇಗೆ ಕೊಡುತ್ತೀ.

ಎಡಗಣ್ಣು ಅದುರುತ್ತಿದೆ, ಅದು ಗಾಳಿಗೆ,
ಅಪ್ಪ


ಸಾರಿ
ಆಜರ್ ತಿಂಗಳು, ೨೩

ಅಪ್ಪ,

ಧೂಳು ಕೆಟ್ಟದ್ದು. ಪುಸ್ತಕ ಇಲ್ಲ. ಬೆಳ್ಳಿ ಕಪ್ಪಾಗುತ್ತದೆ. ಅಕ್ರೋಟನ್ನು ಕಲ್ಲಿನಿಂದ ಒಡೆದು ತಿಂದು ಮುಗಿಸಿದೆವು.

ಸೆಮ್ನಾನಿನಲ್ಲಿ ಯಾರಿದ್ದಾರೆ? ದಾರಿ ಮುಚ್ಚುವ ಮೊದಲು ಬರಿ.

ಕೋಕಬ್


ಒರೊಸ್ತ್
ಬಹ್ಮನ್ ತಿಂಗಳು, ೧೪

ಕೋಕಬ್,

ದಾರಿ ಮುಚ್ಚಿ ಐದು ವಾರವಾಯಿತು. ಅದು ಮುಚ್ಚುವ ಮೊದಲು ನಾನು ಬರೆಯಲಿಲ್ಲ. ಮುಚ್ಚಲಿ ಎಂದು ಕಾದೆ. ಈಗ ಬಸ್ಸಿಲ್ಲ, ಪೋಸ್ಟಿನವನು ಮಾತ್ರ ಆಗೊಮ್ಮೆ ಈಗೊಮ್ಮೆ ಹಿಮದಲ್ಲಿ ನಡೆದು ಬಂದು ಹೋಗುತ್ತಾನೆ, ನಿನ್ನ ಕೋಪ ಇಲ್ಲಿಗೆ ತಲುಪಲು ಸಮಯ ಹಿಡಿಯುತ್ತದೆ, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಬುಗ್ಗೆಯ ಪಕ್ಕ ಕೂತಿದ್ದೇನೆ. ಇಲ್ಲಿ ನೆಲ ಸ್ವಲ್ಪ ಬೆಚ್ಚಗಿದೆ, ಮನೆಯಲ್ಲಿ ನಿನ್ನ ಅಮ್ಮ ಇದ್ದಾಳೆ. ಬೆಟ್ಟವೆಲ್ಲ ಬೆಳ್ಳಗೆ, ಮೆಟ್ಟಿಲುಗಳು ಮಾತ್ರ ಕೆಂಪಗೆ, ಹಳದಿಯಾಗಿ, ಯಾರೋ ಹಾಸಿಗೆಯ ಮೇಲೆ ದಾಳಿಂಬೆ ಸಾರು ಚೆಲ್ಲಿದ ಹಾಗೆ.

ನೀನು ಸಾರಿಗೆ ಹೊರಟ ಹಿಂದಿನ ದಿನ ಮೊಣಕಾಲು ನೋವಿನ ಹಾಜಿ ಒಬ್ಬರು ಬಂದಿದ್ದರು, ಸೆಮ್ನಾನಿನವರು. ಅವರನ್ನು ಜರೀನ್ ಮೇಲೆ ಕೂರಿಸಿ ಬುಗ್ಗೆಗೆ ಕರೆತಂದೆವು, ನೀನೂ ಜೊತೆಗೆ ನಡೆದು ಬಂದೆ. ಮೇಲೆ ಬಂದು ನೀನು ಚಹಾ ಇಟ್ಟು ಹಿಂದಕ್ಕೆ ಸರಿದೆ, ಜರೀನ್‌ಗೆ ಒರಗಿ ನಿಂತೆ. ಹಾಜಿಯವರು ನಿನ್ನತ್ತಲೇ ನೋಡುತ್ತ ಹೇಳಿದರು, “ದೇವರು ಕಾಪಾಡ್ಲಿ, ಎಂಥಾ ಸಾಧು ಸ್ವಭಾವ. ದಾರಿ ಉದ್ದಕ್ಕೂ ಒಂದ್ಸಲ ಮುಖ ತಿರುಗಿಸಲಿಲ್ಲ. ಇಂಥದ್ದು ನಮ್ಮ ಮನೆಗೆ ಬಂದ್ರೆ ನನ್ನ ಹೆಂಡತಿ ಕಣ್ಣಲ್ಲಿಟ್ಟು ನೋಡ್ಕೋತಾಳೆ. ನಮ್ಮ ಹುಡುಗನಿಗೂ ಆಸರೆ ಆಗ್ತಿತ್ತು, ಒಬ್ನೇ ಒದ್ದಾಡ್ತಾನೆ.”

ಮಗಳನ್ನು ಹೊಗಳಿದರೆ ಯಾರಾದರೂ ಇನ್ನೇನು ಹೇಳುತ್ತಾರೆ. “ನಿಮ್ಮ ಮನೆಯ ದಾಸಿ” ಅಂದೆ. ನಿನ್ನನ್ನು ಹೊಗಳಿದ ಮೇಷ್ಟ್ರಿಗೂ ಹಾಗೇ ಅಂದಿದ್ದೇನೆ, ಪೋಸ್ಟಿನವನಿಗೂ ಅಂದಿದ್ದೇನೆ. ಅವರು ಯಾರೂ ಕರೆದುಕೊಂಡು ಹೋಗಲಿಲ್ಲ.

ನೀನು ಆಮೇಲೆ ನೀರು ತರಲು ಹೋದೆ. ಹಾಜಿಯವರು ಎದ್ದರು, ಬಲಗೈಯಿಂದ ಕೆಂಪು ಹರಳಿನ ಬೆಳ್ಳಿ ಉಂಗುರ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಇದು ನಿಮ್ಮ ಹತ್ರ ಇರ್ಲಿ. ನಮ್ಮ ನಿಮ್ಮ ನಡುವೆ ಹೆಚ್ಚು ಮಾತು ಯಾಕೆ” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀರಿಗೆ ಇಳಿದಿದ್ದರು. ಆಮೇಲೆ ಮಂಜು, ಆಮೇಲೆ ಹಾರ್ನು, ಆಮೇಲೆ ಹಾಜಿಯವರಿಲ್ಲ. ನನ್ನ ಕೈಯಲ್ಲಿ ಉಂಗುರ. ನಮ್ಮ ಕಡೆ ಹುಡುಗನ ಮನೆಯವರು ಉಂಗುರ ಕೊಟ್ಟು, ಹುಡುಗಿಯ ಅಪ್ಪ ಇಟ್ಟುಕೊಂಡರೆ ಏನರ್ಥ ಎಂದು ನಿನಗೆ ಹೇಳಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ನೀನು ಬಸ್ಸಿನ ಕಿಟಕಿಯಿಂದ ಕೇಳಿದೆ, ನಾನು ಮಾತು ಕೊಟ್ಟೆ. ಕೊಡುವಾಗ ಉಂಗುರ ನನ್ನ ಜೇಬಿನಲ್ಲಿತ್ತು.

ಜೇಬಿಗೆ ತೂತಿದೆ. ಮನೆಯಲ್ಲಿ ನಿನ್ನ ಅಮ್ಮನ ಪೊರಕೆ ಹೋಗದ ಮೂಲೆ ಇಲ್ಲ. ಅದಕ್ಕೇ ಉಂಗುರಕ್ಕೆ ಕೆಂಪು ಉಣ್ಣೆ ದಾರ ಕಟ್ಟಿ ಮೇಲಿನ ಕೊಳದ ಅಂಚಿನ ಕೆಳಗೆ, ನೀರು ಬೀಳುವ ಕಡೆ ಇಳಿಬಿಟ್ಟೆ. ಅಲ್ಲಿ ಯಾರೂ ಕೈ ಹಾಕುವುದಿಲ್ಲ. ದಿನಕ್ಕೆ ಮೂರು ಸಲ ಹೋಗಿ ದಾರ ಇದೆಯೇ ಎಂದಷ್ಟೇ ನೋಡಿ ಬರುತ್ತಿದ್ದೆ. ಇವತ್ತು ಧೈರ್ಯ ಮಾಡಿ, ವಾಪಸು ಕಳಿಸಿಬಿಡೋಣ ಎಂದು ಎಳೆದೆ. ದಾರದ ತುದಿಗೆ ಕಿತ್ತಳೆ ಬಣ್ಣದ ಕಲ್ಲು ಬಂತು, ಅಕ್ರೋಟಿನಷ್ಟು. ಮುರಿದ ಅಂಚು ಹಲ್ಲಿನಷ್ಟು ಬೆಳೆಯಲು ವರ್ಷಗಟ್ಟಲೆ ಹಿಡಿಸುವ ಈ ಬುಗ್ಗೆ, ನನ್ನ ತಪ್ಪಿನ ಮೇಲೆ ಮಾತ್ರ ಇಷ್ಟು ಬೇಗ ಕಲ್ಲು ಕಟ್ಟಿದೆ. ಗುರುತು ವಾಪಸು ಕೊಡದೆ ಮಾತು ಹೇಗೆ ಮುರಿಯುವುದು. ಇದನ್ನು ಕೊಟ್ಟರೆ ಯಾರು ಉಂಗುರ ಅನ್ನುತ್ತಾರೆ.

ಹಿಮ ಕರಗಿದ ಮೇಲೆ ಬಂದು ಕೊಂಡೊಯ್ಯುತ್ತೇವೆ ಎಂದು ಅವರು ಬರೆದಿದ್ದಾರೆ. “ನಿಮ್ಮಲ್ಲಿರುವ ನಮ್ಮ ಸೊತ್ತು” ಎಂದು ಬರೆದಿದ್ದಾರೆ.

ಅಮ್ಮನಿಗೆ ಏನೂ ಗೊತ್ತಿಲ್ಲ.

ಅಪ್ಪ


ಸಾರಿ
ಇಸ್ಫಂದ್ ತಿಂಗಳು, ೨

ಅಪ್ಪ,

ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಜೇಬಿನಲ್ಲಿತ್ತು ಎಂದು ಬರೆದಿದ್ದೀಯಲ್ಲ, ಎರಡನೇ ಸಲ ಅಲ್ಲಿಗೆ ಬಂದಾಗ ಬರಲಿಲ್ಲ.

ದೊಡ್ಡಪ್ಪನೂ ಹಾಗೇ ಅಂದಿದ್ದ, ಉಪಚಾರಕ್ಕೆ ಆಡಿದ ಮಾತು ಅಂತ. ಅವನ ಮಗಳು, ನಮ್ಮಕ್ಕ, ಈಗ ಆ ಉಪಚಾರದ ಮನೆಯಲ್ಲಿದ್ದಾಳೆ.

ನಾನು ಸಾಧು ಅಂತ ಅವರು ಯಾವ ಕಣ್ಣಿನಿಂದ ಕಂಡರೋ ತಿಳಿಯದು. ದಾರಿ ಉದ್ದಕ್ಕೂ ಅವರ ಜೊತೆ ಜಗಳ ಆಡಿದ್ದೆ, ಕೋಲಿನಿಂದ ಅಂಚು ಕುಟ್ಟಬೇಡಿ ಅಂತ. ಅದಿರಲಿ.

ಅವರಿಗೆ ನೀನೇ ಹೇಳಬೇಕು. ನಾನಲ್ಲ, ಅಮ್ಮನಲ್ಲ. “ಕೊಡೋದಿಲ್ಲ” ಅನ್ನಬೇಕು. ಅದರ ಹಿಂದೆ ಮುಂದೆ ಕಣ್ಣು, ಪಾದ, ಧೂಳು, ನೆರಳು ಯಾವುದೂ ಇರಬಾರದು. ಹೇಳಲು ಆಗದಿದ್ದರೆ ಆಗಲ್ಲ ಅಂತ ಬರಿ. ಹಿಮ ಕರಗಿದ ಮೇಲೆ, ಉರ್ದಿಬಿಹಿಶ್ತ್ ತಿಂಗಳ ಕೊನೆಗೆ ಫಾರಂ ಕೊಡಬೇಕು. ಸಮುದ್ರದ ಕಡೆ ಮೂರು ಊರಿನ ಕೇಂದ್ರ ಖಾಲಿ ಇವೆ. ಮೂರೂ ಕಾಲಮಿಗೆ ಸಾಕು.

ಬರುವ ತಿಂಗಳ ಹೊಸ ವರ್ಷದ ರಜೆಗೆ ನಾನು ಬರುವುದಿಲ್ಲ. ಹಾಸ್ಟೆಲಿನಲ್ಲಿರುತ್ತೇನೆ. ಅಮ್ಮನಿಗೆ ಏನು ಕಾರಣ ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಕೋಕಬ್


ಒರೊಸ್ತ್
ಇಸ್ಫಂದ್ ತಿಂಗಳು, ೧೧

ಘನತೆವೆತ್ತ ಹಾಜಿ ಯದುಲ್ಲಾ ಅವರಿಗೆ,

ನಿಮ್ಮ ಪಾದದ ಧೂಳು ನನ್ನ ಕಣ್ಣಿಗೆ ಕಾಡಿಗೆ.

ಒಂದು ವಿಷಯ ನೇರವಾಗಿ ಹೇಳಬೇಕೆಂದು ಈ ಕಾಗದ. ನೇರವಾಗಿ ಹೇಳುತ್ತಿರುವುದಕ್ಕೆ ಸಾವಿರ ಕ್ಷಮೆ. ನಮ್ಮಲ್ಲಿರುವ ನಿಮ್ಮ ಸೊತ್ತು ನಿಮಗೆ ತಕ್ಕದ್ದಾಗಿ ಉಳಿದಿಲ್ಲ. ನೀವು ಕಂಡಾಗ ಇದ್ದ ಹಾಗೆ ಈಗಿಲ್ಲ. ಬಣ್ಣ ಕಪ್ಪಾಗಿದೆ. ಬಹಳ ಒರಟಾಗಿದೆ, ಮುಟ್ಟಿದರೆ ಕೈಗೆ ಚುಚ್ಚುತ್ತದೆ. ನಿಮ್ಮಂಥ ದೊಡ್ಡವರ ಮನೆಯಲ್ಲಿ ಇದರಿಂದ ನಿಮಗೇ ನಾಚಿಕೆ. ಮರೆತುಬಿಟ್ಟರೆ ಉಪಕಾರ. ಹಾಗೆಂದು ನಿಮ್ಮ ಬರವಿಗೆ ತಡೆಯಿಲ್ಲ, ನಮ್ಮ ಮನೆ ನಿಮ್ಮದೇ, ಯಾವಾಗ ಬೇಕಾದರೂ ಬನ್ನಿ.

ನಿಮ್ಮ ದಾಸಾನುದಾಸ
ಹೈಬತ್


ಸೆಮ್ನಾನ್
ಫರ್ವರ್ದೀನ್ ತಿಂಗಳು, ೮

ಘನತೆವೆತ್ತ ಹೈಬತುಲ್ಲಾ ಅವರಿಗೆ,

ಹೊಸ ವರ್ಷ ನಿಮಗೆ ಹಸಿರಾಗಿರಲಿ. ನಿಮ್ಮ ವಿನಯಕ್ಕೆ ನಾವು ಸೋತೆವು. ಕಪ್ಪಾದರೇನು ಸ್ವಾಮಿ. ಬೂದಿ, ನಿಂಬೆರಸ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಅರ್ಧ ಗಂಟೆಯಲ್ಲಿ ಹೊಳೆಯುತ್ತದೆ, ಹಿಂದೆಯೂ ಹಾಗೇ ಮಾಡಿದ್ದೇನೆ ಎನ್ನುತ್ತಾಳೆ ಮನೆಯವಳು. ಒರಟಾಗಿದ್ದರೆ ಅರ ಇದೆ. ಹೇಗಿದ್ದರೂ ಅದು ನಮ್ಮದೇ.

ಉರ್ದಿಬಿಹಿಶ್ತ್ ಹನ್ನೆರಡಕ್ಕೆ ಇಬ್ಬರೂ ಬರುತ್ತೇವೆ. ನಿಮಗೊಂದು ಚಿಕ್ಕ ಹಾಸು ತುಳಿಯುತ್ತಿದ್ದೇನೆ. ಬೇಡವೆನ್ನಬೇಡಿ.

ಯದುಲ್ಲಾ


ಒರೊಸ್ತ್
ಫರ್ವರ್ದೀನ್ ತಿಂಗಳು, ೧೯

ಕೋಕಬ್,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತು. ಓದಿದರೆ ಸಾಕು.

ನಾನು ಬರೆದೆ. ನೇರವಾಗಿ ಬರೆದೆ ಎಂದುಕೊಂಡಿದ್ದೆ. ಅವರು ಬರುತ್ತಿದ್ದಾರೆ. ಅವರ ಮನೆಯಲ್ಲಿ ಸೊಸೆಯರನ್ನು ಬೂದಿ ಹಾಕಿ ತಿಕ್ಕುತ್ತಾರೆ. ಹಿಂದೆಯೂ ತಿಕ್ಕಿದ್ದಾರಂತೆ, ಅಂದರೆ ಹುಡುಗನಿಗೆ ಇದು ಎರಡನೆಯದು. ಅರ ಬೇರೆ ಇದೆಯಂತೆ.

ಹೊಸ ವರ್ಷದ ದಿನ ಅಮ್ಮ ಮೂರು ತಟ್ಟೆ ಇಟ್ಟಳು. “ಯಾಕೆ ಬರಲಿಲ್ಲ” ಅಂತ ಕೇಳಿದಳು. ಪರೀಕ್ಷೆ ಅಂದೆ. “ಪರೀಕ್ಷೆ ಅವಳಿಗೋ ನಿನಗೋ” ಅಂದಳು. ಮೂರನೇ ತಟ್ಟೆಯ ಮೀನು ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

ದಿನವೂ ಅಭ್ಯಾಸ ಮಾಡುತ್ತಿದ್ದೇನೆ. ಬುಗ್ಗೆಗೆ ಹೋಗಿ ಒಂದೊಂದು ಮೆಟ್ಟಿಲಿನ ಎದುರು ನಿಂತು ಆ ಒಂದು ಮಾತು ಹೇಳುತ್ತೇನೆ. ಕೆಂಪು ಮೆಟ್ಟಿಲಿಗೆ ಹೇಳಿದೆ, ಹಳದಿಗೆ ಹೇಳಿದೆ. ಜರೀನ್‌ಗೆ ಹೇಳಲು ಹೋದೆ, ಅವಳು ನನ್ನ ಮುಖ ನೋಡಿದಳು, “ಕ್ಷಮಿಸು” ಅಂದುಬಿಟ್ಟೆ.

ಅಪ್ಪ


ಒರೊಸ್ತ್
ಉರ್ದಿಬಿಹಿಶ್ತ್ ತಿಂಗಳು, ೧೩

ಕಣ್ಣಬೆಳಕು ಕೋಕಬ್‌ಗೆ,

ಅವರು ನಿನ್ನೆ ಬಂದರು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ತಪ್ಪು ಬರೆದರೆ ತಿದ್ದುತ್ತಾಳಂತೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ತಿದ್ದುತ್ತಾಳೆ.

ಹಾಜಿಯವರು ಮೊದಲು ಬುಗ್ಗೆಗೇ ಹೋಗೋಣ ಅಂದರು, ಮೊಣಕಾಲಿಗೆ. ಅವರು ಜರೀನ್ ಮೇಲೆ. ಅವರ ಹೆಂಡತಿ ಬತೂಲ್ ಹೆಗಲ ಮೇಲೆ ಹಾಸಿನ ಸುರುಳಿ ಹೊತ್ತು ನಡೆದು. ಅಮ್ಮ ಕೆಂಡ ಹಾಕಿ ಚಹಾ ಕಾಯಿಸುವ ಸಮೋವರ್ ಹಿಡಿದು, ಸಕ್ಕರೆ ಗಡ್ಡೆ, ಸುತ್ತಿಗೆ ಎಲ್ಲ ಕಟ್ಟಿಕೊಂಡು. ನಾನು ಕರವಸ್ತ್ರದಲ್ಲಿ ಕಲ್ಲು ಕಟ್ಟಿ ಎದೆಯೊಳಗಿಟ್ಟುಕೊಂಡು. ದಾರಿಯುದ್ದಕ್ಕೂ ನಿನ್ನ ಒಂದು ಪದವನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಚಹಾ ಆದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಆದರೆ ಚಹಾ ಆದರೆ ಅವರು ಏನೋ ಒಳ್ಳೆಯದು ಅನ್ನುತ್ತಾರೆ, ನಾನು ಇನ್ನೇನೋ ಅನ್ನುತ್ತೇನೆ, ಮುಗಿಯಿತು ಕತೆ. ನನ್ನನ್ನು ನಾನು ಬಲ್ಲೆ.

ಅದಕ್ಕೇ ಹಾಜಿಯವರು ಒಂದು ಕಾಲು ನೆಲಕ್ಕಿಟ್ಟು ಇನ್ನೊಂದು ಕಾಲು ಜರೀನ್ ಬೆನ್ನ ಮೇಲಿದ್ದಾಗಲೇ ಹೇಳಿದೆ.

“ಕೊಡೋದಿಲ್ಲ.”

“ಏನಂದ್ರಿ?”

“ನನ್ನ ಮಗಳನ್ನ ಕೊಡೋದಿಲ್ಲ. ಅವಳನ್ನ ಕೇಳದೆ ನಾನು ದಾಸಿ ಅಂದೆ. ಅವಳು ಯಾರ ದಾಸಿಯೂ ಅಲ್ಲ. ಅವಳು ಊರಿಗೆ ಚುಚ್ಚುಮದ್ದು ಕೊಡೋಳು. ಬೂದಿ ಹಾಕಿ ತಿಕ್ಕೋಕೆ ನನ್ನ ಮಗಳು ತಪ್ಪಲೆ ಅಲ್ಲ.”

ಇಷ್ಟೂ ಒಂದೇ ಉಸಿರಿನಲ್ಲಿ ಬಂತು, ಕೋಕಬ್. ನೀನು ಒಂದು ಪದ ಸಾಕು ಅಂದಿದ್ದೆ, ಹೆಚ್ಚಾಯಿತು. ಆದರೆ ಅದರಲ್ಲಿ ಕಣ್ಣಿಲ್ಲ, ಪಾದವಿಲ್ಲ. ಅಮ್ಮ ಸಾಕ್ಷಿ. ಅವಳ ಕೈಯಲ್ಲಿದ್ದ ಸಮೋವರ್ ವಾಲಿ ಕೆಂಡ ಎರಡು ಹಳದಿ ಕೊಳಕ್ಕೆ ಬಿದ್ದು ಚುಂಯ್ ಅಂದಿತು.

ಹಾಜಿಯವರು ಇನ್ನೂ ಒಂದೇ ಕಾಲಿನ ಮೇಲಿದ್ದರು. “ನಿಮ್ಮ ಮಗಳು ನಮ್ಮ ತಲೆ ಮೇಲಿನ ಕಿರೀಟ” ಅಂದರು, ಪಾಪ, ಆ ಸ್ಥಿತಿಯಲ್ಲೂ. “ಆದ್ರೆ ನಮಗ್ಯಾಕೆ ಅವರು?”

“ನಿಮ್ಮ ಹುಡುಗನಿಗೆ.”

ಬತೂಲ್ ಸುರುಳಿಯನ್ನು ಕೆಳಗಿಟ್ಟು ಅದರ ಮೇಲೇ ಕೂತರು. “ನಮ್ಮ ಹುಡುಗನಿಗೆ ನಲವತ್ಮೂರು ವರ್ಷ ಕಣಪ್ಪ. ನಾಲ್ಕು ಮಕ್ಕಳು. ಅವನ ಹೆಂಡತಿ ಕೇಳಿಸ್ಕೊಂಡ್ರೆ ನಮ್ಮಿಬ್ಬರನ್ನೂ ಉಣ್ಣೆ ಜೊತೆ ತುಳೀತಾಳೆ.”

“ಮತ್ತೆ ಅವತ್ತು ಹೊಗಳಿದ್ರಲ್ಲ,” ನಾನಂದೆ. “ಸಾಧು ಸ್ವಭಾವ, ಮುಖ ತಿರುಗಿಸಲಿಲ್ಲ, ಇಂಥದ್ದು ಮನೆಗೆ ಬಂದ್ರೆ ಅಂತ.”

ಹಾಜಿಯವರು ಜರೀನ್ ಕುತ್ತಿಗೆ ಹಿಡಿದುಕೊಂಡು ಎರಡನೇ ಕಾಲನ್ನು ನಿಧಾನವಾಗಿ ಇಳಿಸಿದರು. “ಹೈಬತ್ ಅವರೇ, ನಾನು ಹೊಗಳಿದ್ದು ಇದನ್ನ. ಉಣ್ಣೆ ಮೂಟೆ ಹೊರೋಕೆ ಇಂಥದ್ದೊಂದಿದ್ರೆ ಅಂತ. ನೀವು ಹೇಸರಗತ್ತೆಯನ್ನೂ ನಿಮ್ಮ ಮನೆಯ ದಾಸಿ ಅಂದ್ರಿ. ಎಂಥಾ ಸಂಸ್ಕಾರ ಈ ಮನುಷ್ಯಂದು ಅಂತ ಸೆಮ್ನಾನ್ ತುಂಬ ಹೇಳ್ಕೊಂಡು ಬಂದಿದೀನಿ. ನಿಮ್ಮ ಮಗಳು ದಾರಿ ಉದ್ದಕ್ಕೂ ನನ್ನನ್ನ ಬೈದ್ರು.”

“ಉಂಗುರ?”

“ಬೆಳ್ಳಿ ಉಪ್ಪುನೀರಿಗೆ ಕೆಡುತ್ತೆ ಅಂತ ಇಳಿಯೋ ಮುಂಚೆ ತೆಗೆದು ನಿಮ್ಮ ಕೈಗೆ ಕೊಟ್ಟೆ. ಹಾರ್ನಿನ ಗಡಿಬಿಡೀಲಿ ಮರೆತೆ.”

ಉಪ್ಪುನೀರಿಗೆ ಕೆಡಬಾರದು ಎಂದು ಕೊಟ್ಟ ಉಂಗುರ. ನಾನು ನಾಲ್ಕು ತಿಂಗಳು ಅದನ್ನು ಎಲ್ಲಿಟ್ಟಿದ್ದೆ ಹೇಳು.

“ಕಾಗದದಲ್ಲಿ ಉಂಗುರ ಅಂತ ಒಂದು ಮಾತು ಬರೀಬಾರದಿತ್ತೇ ಸ್ವಾಮಿ” ಅಂದೆ.

“ಬರೆದಿದ್ರೆ ನಿಮ್ಮನ್ನ ಕಳ್ಳ ಅಂದ ಹಾಗಾಗ್ತಿತ್ತು” ಅಂದರು. ಅವರಿಗೆ ನಿಜಕ್ಕೂ ನೋವಾಗಿತ್ತು, ನಾನು ಹಾಗೆ ಕೇಳಿದ್ದಕ್ಕೆ.

ಅಮ್ಮ ಸಮೋವರ್ ಕೆಳಗಿಟ್ಟಳು. ಈಗ ನನ್ನತ್ತ ತಿರುಗಿದಳು. “ಏ ಮನುಷ್ಯ, ಎಲ್ಲಿ ಅದು?”

ಕರವಸ್ತ್ರ ಬಿಚ್ಚಿದೆ. ಹಾಜಿಯವರು ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಮೆಟ್ಟಿಲುಗಳ ಬಣ್ಣವೇ ಅದಕ್ಕೂ, ಮೇಲೆ ಕಿತ್ತಳೆ, ಮಡಿಕೆಗಳಲ್ಲಿ ಕೆಂಪು. “ಅಕ್ರೋಟೇ?” ಅಂದರು. “ನಿಮ್ಮ ಉಂಗುರ” ಅಂದೆ. ಅವರು ಬಹಳ ಹೊತ್ತು ನೋಡಿದರು. ಅವರ ಅಪ್ಪ ಹಾಕಿಕೊಂಡಿದ್ದಂತೆ ಅದು. ನನಗೆ ನೆಲ ಬಾಯಿಬಿಡಲಿ ಅನಿಸಿತು. ಕೊನೆಗೆ ಅವರು, “ಎಷ್ಟು ಜೋಪಾನ ಮಾಡಿದೀರಿ. ಇದು ನಿಮ್ಮಲ್ಲೇ ಇರ್ಲಿ” ಅಂದರು. ನಾನು “ಎಲ್ಲಾದರೂ ಉಂಟೇ” ಅಂದೆ. ಅವರು “ನನ್ನಾಣೆ” ಅಂದರು. ನಾನು “ನಿಮ್ಮ ತಲೆಯಾಣೆ” ಅಂದೆ. ಕಲ್ಲು ಅವರ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವರ ಕೈಗೆ ನಾಲ್ಕು ಸಲ ಹೋಗಿ ಬಂತು. ಐದನೇ ಸಲ ಅಮ್ಮ ನಡುವೆಯೇ ಕಸಿದುಕೊಂಡಳು, ಚಪ್ಪಟೆ ಬಂಡೆಯ ಮೇಲಿಟ್ಟಳು, ಸಕ್ಕರೆ ಗಡ್ಡೆ ಒಡೆಯುವ ಸುತ್ತಿಗೆ ಎತ್ತಿ ಒಂದೇ ಏಟು.

ಕಲ್ಲು ಎರಡು ಹೋಳಾಯಿತು. ಉಂಗುರ ಮಧ್ಯೆ, ಸಮೋವರಿನ ತಳದ ಹಾಗೆ ಕಪ್ಪು. ಹರಳಿಗೆ ಒಂದು ಗೀರೂ ಇಲ್ಲ.

“ಬೂದಿ, ನಿಂಬೆರಸ” ಅಂದರು ಬತೂಲ್.

ಆಮೇಲೆ ಅಮ್ಮ ನಕ್ಕಳು. ಅವಳು ನಗುವುದನ್ನು ಬತೂಲ್ ನೋಡಿ ನಕ್ಕರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಮಾತು ಬರದೆ ಜರೀನ್‌ನ ಕಡೆ ಕೈ ತೋರಿಸುತ್ತಿದ್ದರು. ಹಾಜಿಯವರೂ ನಾನೂ ಮಾತ್ರ ಗಂಭೀರವಾಗಿ ಚಹಾ ಕುಡಿದೆವು. ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಗು ನಿಲ್ಲಿಸಿದಳು. “ಅವಳು ಹೊಸ ವರ್ಷಕ್ಕೆ ಬರದೇ ಇದ್ದಿದ್ದು ಇದಕ್ಕಾ?” ಅಂದಳು. ಹೌದು ಅಂದೆ. ನನ್ನ ತಟ್ಟೆಗೆ ಅನ್ನ ಹಾಕಲಿಲ್ಲ. ಅದು ಸರಿಯೇ.

ಇವತ್ತು ಬೆಳಿಗ್ಗೆ ಹೊರಡುವಾಗ ಹಾಜಿಯವರು ಜರೀನ್ ಬೆನ್ನು ಸವರಿ, “ಇದನ್ನ ಕೊಡ್ತೀರಾ?” ಅಂದರು. ನನ್ನ ಬಾಯಿ ಆಗಲೇ “ನಿಮ್ಮ ಮನೆಯ” ಎಂದು ಶುರುಮಾಡಿತ್ತು. ಅಮ್ಮ ಕಾಲು ತುಳಿದಳು. “ಇಲ್ಲ” ಅಂದೆ. ಎರಡನೆಯದು ಮೊದಲನೆಯದಕ್ಕಿಂತ ಸುಲಭ. ಹಾಜಿಯವರು ಬೇಸರಪಟ್ಟುಕೊಳ್ಳಲಿಲ್ಲ, ಹಾಸನ್ನೂ ವಾಪಸು ಒಯ್ಯಲಿಲ್ಲ. ಅದನ್ನು ನಿನ್ನ ಹಾಸಿಗೆಯ ಪಕ್ಕ ಹಾಕಿದ್ದೇವೆ.

ಬಸ್ಸು ಹೋದ ಮೇಲೆ ಬುಗ್ಗೆಗೆ ಹೋದೆ. ಬಾಬೊಲ್ ಕಡೆಯ ಆರು ಜನ ಅಂಚಿನ ಮೇಲೆ ಸಾಲಾಗಿ ನಿಂತಿದ್ದರು. “ಇಳೀರಿ ಕೆಳಗೆ” ಅಂದೆ. ಇಳಿದರು. ಆಮೇಲೆ ಅವರ ಹಿಂದೆ ಅರ್ಧ ಮೈಲಿ ಹೋಗಿ ಕ್ಷಮೆ ಕೇಳಿ ಬಂದೆ. ಎಲ್ಲವೂ ಒಂದೇ ದಿನದಲ್ಲಿ ಬರುವುದಿಲ್ಲ.

ಕಲ್ಲಿನ ಒಂದು ಹೋಳು ಹಾಜಿಯವರು ನೆನಪಿಗೆಂದು ಒಯ್ದರು. ಇನ್ನೊಂದನ್ನು ನಿನಗೆ ಕಳಿಸುತ್ತಿದ್ದೇನೆ. ಒಳಗಡೆ ಉಂಗುರ ಕೂತಿದ್ದ ಗುಂಡನೆ ಗುಳಿ ಇದೆ, ಬೆರಳಿಟ್ಟು ನೋಡು. ಆ ಬೆಳಿಗ್ಗೆ ಬಸ್ಸಿನ ಹತ್ತಿರ ನನ್ನ ಜೇಬಿನಲ್ಲಿ ಇದ್ದದ್ದು ಅಷ್ಟೇ ದೊಡ್ಡದು. ನನಗೆ ಏಳು ತಿಂಗಳು ಬೆಟ್ಟದಷ್ಟಾಗಿತ್ತು. ನಿನಗೆ ಎಷ್ಟಾಗಿತ್ತು ಎಂದು ನಾನು ಲೆಕ್ಕ ಹಾಕಲಿಲ್ಲ. ಅದಕ್ಕೆ ಕ್ಷಮಿಸು.

ಫಾರಂ ವಿಷಯ ನಾನು ಕೇಳುವುದಿಲ್ಲ. ಕೇಳಿದ್ದೇನೆ ಎಂದು ತಿಳಿಯಬೇಡ.

ಬೆನ್ನು ಇವತ್ತು ನೋಯುತ್ತಿಲ್ಲ, ಅದೇ ಒಂದು ಚಿಂತೆ,
ಅಪ್ಪ ಹೈಬತ್


ಸಾರಿ
ಉರ್ದಿಬಿಹಿಶ್ತ್ ತಿಂಗಳು, ೨೫

ಅಪ್ಪ,

ಕಲ್ಲು ತಲುಪಿತು. ಕಿಟಕಿಯ ಮೇಲಿಟ್ಟಿದ್ದೇನೆ. ಹಾಸ್ಟೆಲಿನ ಹುಡುಗಿಯರೆಲ್ಲ ಒಂದೊಂದು ಸಲ ಬೆರಳಿಟ್ಟು ನೋಡಿದರು. ಕತೆಯನ್ನು ಹನ್ನೊಂದು ಸಲ ಹೇಳಿದ್ದೇನೆ. ಹೇಸರಗತ್ತೆಯ ಹತ್ತಿರ ಬಂದಾಗ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಕೊಡೋದಿಲ್ಲ” ಅನ್ನುವ ಕಡೆ ಮಾತ್ರ ನಾನು ಯಾರಿಗೂ ಜೋರಾಗಿ ಓದಿ ಹೇಳಿಲ್ಲ. ಅದನ್ನು ಒಬ್ಬಳೇ ಓದಿಕೊಂಡೆ. ಬಹಳ ಸಲ.

ನಿನ್ನೆ ಫಾರಂ ಕೊಟ್ಟೆ. ಮೂರು ಕಾಲಮಿನಲ್ಲೂ ಒರೊಸ್ತ್ ಎಂದು ಬರೆದೆ. ಗುಮಾಸ್ತ, “ಇದು ತಪ್ಪು ತಂಗಿ, ಮೂರು ಬೇರೆ ಬೇರೆ ಊರು ಬರೀಬೇಕು” ಅಂದ. ಬರೆಯೋದಿಲ್ಲ ಅಂದೆ. ನನಗೆ ಅದು ಮೊದಲಿನಿಂದಲೂ ಬರುತ್ತದೆ, ನಿನಗೇ ಗೊತ್ತು.

ಬೇಸಿಗೆಯಲ್ಲಿ ನಿನಗೆ ಭಾಗಾಕಾರ ಕಲಿಸುತ್ತೇನೆ. ಕಷ್ಟವೇನಿಲ್ಲ. ನೀನು ಒಬ್ಬನೇ ದಾರ ಕಟ್ಟಿ ನೀರಿಗೆ ಇಳಿಬಿಟ್ಟದ್ದನ್ನು ಅವತ್ತೇ ನಮ್ಮ ಮೂವರ ನಡುವೆ ಇಡುವುದು, ಅಷ್ಟೇ.

ಅಮ್ಮನಿಗೆ ಮುತ್ತು. ಜರೀನ್‌ಗೆ ನನ್ನ ಸಲಾಮು, ಅವಳಿಗೆ ಬಂದ ಸಂಬಂಧ ತಪ್ಪಿಹೋದದ್ದಕ್ಕೆ ಬೇಸರವಾಗಿದೆ ಎಂದು ಹೇಳು.

ಯಾರ ಮನೆಯ ದಾಸಿಯೂ ಅಲ್ಲದ,
ಸಾಧು ಸ್ವಭಾವವೂ ಇಲ್ಲದ,
ನಿನ್ನ ಕೋಕಬ್